ಗಡಿ ದಾಟುವ ಪಿಂಚಣಿ, ದಾಟದ ಔಷಧಿ

ಪಿಂಚಣಿ ಸಮುದ್ರ ದಾಟುವುದು ಹೊಸ ಸಂಗತಿಯೇನಲ್ಲ. ಭಾರತದಲ್ಲಿ ಚಾಕರಿ ಮುಗಿಸಿ ಊರಿಗೆ ಮರಳಿದ ಇಂಗ್ಲಿಷ್ ಅಧಿಕಾರಿಗಳು ಚೆಲ್ಟನ್‌ಹ್ಯಾಮ್‌ನಂಥ ಪಟ್ಟಣಗಳಲ್ಲಿ ಮನೆ ಮಾಡಿಕೊಂಡು ಕುಳಿತರೆ, ಅವರ ನಿವೃತ್ತಿ ವೇತನ ಭಾರತದ ಬೊಕ್ಕಸದಿಂದ ಪೌಂಡುಗಳಾಗಿ ಅಲ್ಲಿಗೆ ಹೋಗುತ್ತಿತ್ತು. 'ಹೋಮ್ ಚಾರ್ಜಸ್' ಎಂಬ ಹೆಸರಿನ ಈ ವಾರ್ಷಿಕ ಪಾವತಿಯನ್ನು ದಾದಾಭಾಯಿ ನವರೋಜಿಯವರು ದೇಶದ ಸಂಪತ್ತಿನ ಸೋರಿಕೆ ಎಂದು ಕರೆದದ್ದು ಪ್ರಸಿದ್ಧ. ಊರಿಗೆ ಹೋಗಲು ಮನಸ್ಸಿಲ್ಲದವರು ಬೆಂಗಳೂರಿನ ದಂಡು ಪ್ರದೇಶದಲ್ಲಿ ಹೆಂಚಿನ ಬಂಗಲೆ, ಅದರ ಮುಂದೊಂದು ಹೂದೋಟ ಮಾಡಿಕೊಂಡು ಉಳಿದರು. ಬೆಂಗಳೂರಿಗೆ 'ಪಿಂಚಣಿದಾರರ ಸ್ವರ್ಗ' ಎಂಬ ಬಿರುದು ಬಂದದ್ದರಲ್ಲಿ ಅವರ ಪಾಲೂ ಇದೆ.

ಆದರೆ ಚೆಲ್ಟನ್‌ಹ್ಯಾಮ್‌ನ ಆ ಹಳೆಯ ಕಲೆಕ್ಟರನಿಗೆ ಮಲೇರಿಯಾ ಮರುಕಳಿಸಿದರೆ ವೈದ್ಯನ ಶುಲ್ಕವನ್ನು ಅವನೇ ತೆರಬೇಕಿತ್ತು. ಅದನ್ನು ಸರಕಾರ ಕೊಡಬೇಕೆಂಬ ನಿರೀಕ್ಷೆ ಅವನಿಗೂ ಇರಲಿಲ್ಲ, ಸರಕಾರಕ್ಕೂ ಇರಲಿಲ್ಲ. ಎರಡು ದೇಶಗಳ ನಡುವೆ ಬದುಕುವ ವೃದ್ಧರ ಚಿಕಿತ್ಸೆಯ ಖರ್ಚು ಯಾರದು ಎಂಬ ಪ್ರಶ್ನೆ ಹುಟ್ಟಿದ್ದು, ಪ್ರಜೆಗಳ ಕಾಯಿಲೆಯ ಹೊಣೆಯನ್ನು ಪ್ರಭುತ್ವ ಹೊರುತ್ತೇನೆಂದು ಮಾತು ಕೊಟ್ಟ ಮೇಲೆ. ಆ ಮಾತು ದೇಶದ ಗಡಿಯೊಳಗೆ ಕೊಟ್ಟ ಮಾತು. ಗಡಿಯಾಚೆ ಅದಕ್ಕೆ ಎಷ್ಟು ಬೆಲೆ ಎಂಬುದೇ ಕಳೆದ ನೂರು ವರ್ಷಗಳ ಕಥೆ.

ಮಾತು ಮೊದಲು ಕೊಟ್ಟದ್ದು ಜರ್ಮನಿ. ಬಿಸ್ಮಾರ್ಕನ ಸರಕಾರ 1883ರಲ್ಲಿ ಕಾರ್ಮಿಕರಿಗೆ ಕಾಯಿಲೆ ವಿಮೆಯನ್ನು ಕಡ್ಡಾಯ ಮಾಡಿತು. 1889ರಲ್ಲಿ ವೃದ್ಧಾಪ್ಯದ ಪಿಂಚಣಿಗೆ ಕಾನೂನು ತಂದಿತು. ಪಿಂಚಣಿ ಸಿಗಬೇಕಾದರೆ 70 ವರ್ಷ ತುಂಬಬೇಕಿತ್ತು. ಬಹುಪಾಲು ಕಾರ್ಮಿಕರು ಅಷ್ಟು ದಿನ ಬದುಕುತ್ತಿರಲಿಲ್ಲ ಎಂಬುದು ಬೇರೆ ಮಾತು. ಹೀಗೆ ಒಂದೇ ದಶಕದಲ್ಲಿ, ಒಂದೇ ಸರಕಾರದ ಕೈಯಲ್ಲಿ ಹುಟ್ಟಿದ ಈ ಎರಡು ವ್ಯವಸ್ಥೆಗಳು ಮುಂದೆ ಗಡಿಯ ವಿಷಯದಲ್ಲಿ ಬೇರೆಬೇರೆ ದಾರಿ ಹಿಡಿದವು.

ಕಾರಣ ಸರಳ. ಪಿಂಚಣಿ ಎಂದರೆ ಗೊತ್ತಾದ ಮೊತ್ತದ ಹಣ. ಅದನ್ನು ಮನಿಯಾರ್ಡರ್ ಮಾಡಬಹುದು, ಬ್ಯಾಂಕಿಗೆ ಕಳಿಸಬಹುದು. ಚಿಕಿತ್ಸೆ ಹಾಗಲ್ಲ. ಅದಕ್ಕೆ ಒಂದು ಊರು ಬೇಕು, ಆಸ್ಪತ್ರೆ ಬೇಕು, ಗೊತ್ತಾದ ದರಪಟ್ಟಿಗೆ ಒಪ್ಪಿಕೊಂಡ ವೈದ್ಯ ಬೇಕು. ಅದರ ಖರ್ಚು ಎಷ್ಟೆಂದು ಮೊದಲೇ ಹೇಳುವಂತೆಯೂ ಇಲ್ಲ. ಇದಕ್ಕಿಂತ ದೊಡ್ಡ ತೊಡಕು ವಯಸ್ಸಿನದು. ದುಡಿಯುವ ತರುಣನೊಬ್ಬ ದೇಶಕ್ಕೆ ಬಂದರೆ ತೆರಿಗೆ, ವಂತಿಗೆಗಳನ್ನು ತರುತ್ತಾನೆ. ಅವನ ದೇಹಕ್ಕೆ ಆಸ್ಪತ್ರೆಯ ಅಗತ್ಯ ಕಡಿಮೆ. ಎಪ್ಪತ್ತರ ವೃದ್ಧ ಬಂದರೆ ಸಕ್ಕರೆ ಕಾಯಿಲೆ, ಮಂಡಿನೋವು, ದಣಿದ ಹೃದಯ ಜೊತೆಗೆ ಬರುತ್ತವೆ. ಅವನ ಯೌವನದ ವಂತಿಗೆಯನ್ನು ಪಡೆದ ದೇಶ ಒಂದು, ಮುಪ್ಪಿನ ಕಾಯಿಲೆಯನ್ನು ಎದುರಿಸಬೇಕಾದ ದೇಶ ಇನ್ನೊಂದು. ಈ ಲೆಕ್ಕವನ್ನು ಸರಿದೂಗಿಸುವವರು ಯಾರು?

ಮೊದಲ ಪ್ರಯತ್ನಗಳೆಲ್ಲ ದುಡಿಯುವವರ ಬಗ್ಗೆಯೇ ಇದ್ದವು. 1904ರ ಏಪ್ರಿಲ್‌ನಲ್ಲಿ ಫ್ರಾನ್ಸ್ ಮತ್ತು ಇಟಲಿ ಕಾರ್ಮಿಕರ ಹಕ್ಕುಗಳ ಕುರಿತು ಒಪ್ಪಂದ ಮಾಡಿಕೊಂಡವು. ಈ ಬಗೆಯ ಒಡಂಬಡಿಕೆಗಳಲ್ಲಿ ಇದನ್ನೇ ಮೊದಲನೆಯದೆಂದು ಗುರುತಿಸುವ ರೂಢಿಯಿದೆ. 1935ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ವಲಸೆ ಕಾರ್ಮಿಕರ ಪಿಂಚಣಿ ಹಕ್ಕನ್ನು ಕಾಪಾಡುವ ಒಡಂಬಡಿಕೆಯೊಂದನ್ನು ಅಂಗೀಕರಿಸಿತು. ಅದೂ ಪಿಂಚಣಿಯದೇ, ಔಷಧಿಯ ಮಾತಿಲ್ಲ.

ನಿಜವಾದ ತಿರುವು ಬಂದದ್ದು ಒಂದು ನದಿಯಿಂದ. ರೈನ್ ನದಿ ಸ್ವಿಟ್ಜರ್ಲೆಂಡಿನ ಬಾಸೆಲ್ ದಾಟಿ, ಫ್ರಾನ್ಸ್ ಮತ್ತು ಜರ್ಮನಿಗಳ ನಡುವೆ ಹರಿದು, ನೆದರ್ಲೆಂಡ್ಸಿನಲ್ಲಿ ಸಮುದ್ರ ಸೇರುತ್ತದೆ. ಬೆಲ್ಜಿಯಂನ ದೋಣಿಗಳೂ ಕಾಲುವೆಗಳ ಮೂಲಕ ಅದನ್ನು ಸೇರುತ್ತವೆ. ಕಲ್ಲಿದ್ದಲು, ಅದಿರು, ಧಾನ್ಯ ಹೊತ್ತ ಚಪ್ಪಟೆ ತಳದ ದೊಡ್ಡ ದೋಣಿಗಳಲ್ಲಿ ಎಷ್ಟೋ ನಾವಿಕರ ಸಂಸಾರವೂ ಇರುತ್ತಿತ್ತು. ದೋಣಿ ನೋಂದಣಿಯಾದದ್ದು ಒಂದು ದೇಶದಲ್ಲಿ, ಹೆಂಡತಿಗೆ ಹೆರಿಗೆ ನೋವು ಬಂದದ್ದು ಇನ್ನೊಂದರಲ್ಲಿ, ಗಂಡ ಕಾಲು ಮುರಿದುಕೊಂಡದ್ದು ಮತ್ತೊಂದರಲ್ಲಿ ಎಂದಾದರೆ ವಿಮೆ ಯಾವುದು ಅನ್ವಯಿಸಬೇಕು? ಈ ನದಿಯ ಸಂಚಾರ ನಿಯಮಗಳಿಗೆ 1815ರ ವಿಯೆನ್ನಾ ಸಮಾವೇಶದ ಕಾಲದಿಂದಲೂ ಒಂದು ಜಂಟಿ ಆಯೋಗವಿತ್ತು; ನಾವಿಕರ ಕಾಯಿಲೆಗೆ ಮಾತ್ರ ಏನೂ ಇರಲಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1950ರ ಜುಲೈ 27ರಂದು ಈ ಐದು ದೇಶಗಳು ಪ್ಯಾರಿಸ್ಸಿನಲ್ಲಿ ರೈನ್ ನಾವಿಕರ ಸಾಮಾಜಿಕ ಭದ್ರತೆಯ ಒಪ್ಪಂದಕ್ಕೆ ಸಹಿ ಹಾಕಿದವು. ಐದು ವರ್ಷಗಳ ಹಿಂದೆ ಪರಸ್ಪರ ಬಾಂಬು ಸುರಿಸುತ್ತಿದ್ದವರು ಅದೇ ನದಿಯ ನಾವಿಕನ ಆಸ್ಪತ್ರೆ ಬಿಲ್ಲಿನ ಬಗ್ಗೆ ಒಮ್ಮತಕ್ಕೆ ಬಂದರು ಎನ್ನುವುದು ಇತಿಹಾಸದ ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣದ ಸಂಗತಿ.

ರೈನ್ ನದಿಯ ಈ ಸೂತ್ರವೇ ಮುಂದೆ ಯೂರೋಪಿನ ಸೂತ್ರವಾಯಿತು. ಒಂದು ದೇಶದಲ್ಲಿ ಕಟ್ಟಿದ ವಂತಿಗೆಯ ಅವಧಿಯನ್ನು ಇನ್ನೊಂದು ದೇಶ ಲೆಕ್ಕಕ್ಕೆ ಹಿಡಿಯಬೇಕು, ಒಬ್ಬ ಮನುಷ್ಯನಿಗೆ ಒಂದು ಸಮಯದಲ್ಲಿ ಒಂದೇ ದೇಶದ ಕಾನೂನು ಅನ್ವಯಿಸಬೇಕು, ಹಣದ ಲೆಕ್ಕವನ್ನು ಸರಕಾರಗಳು ತಮ್ಮ ತಮ್ಮಲ್ಲೇ ಇತ್ಯರ್ಥ ಮಾಡಿಕೊಳ್ಳಬೇಕು. ಯೂರೋಪಿನ ಆರ್ಥಿಕ ಸಮುದಾಯ 1958ರಲ್ಲಿ ಹೊರಡಿಸಿದ ಮೂರನೆಯ ನಿಯಮಾವಳಿಯೇ ಈ ಕುರಿತಾದದ್ದು. ಹೊಸದಾಗಿ ಹುಟ್ಟಿದ ಸಮುದಾಯವೊಂದು ಇಷ್ಟು ಬೇಗ ಕೈಗೆತ್ತಿಕೊಂಡದ್ದು ವಲಸಿಗರ ಕಾಯಿಲೆ, ಪಿಂಚಣಿಗಳ ವಿಷಯವನ್ನು! 1971ರಲ್ಲಿ ಅದನ್ನು ಪರಿಷ್ಕರಿಸಿ 1408ನೇ ನಿಯಮಾವಳಿ ಬಂತು. 2004ರಲ್ಲಿ ರೂಪಿಸಿದ 883ನೆಯದು 2010ರ ಮೇ ತಿಂಗಳಿನಿಂದ ಜಾರಿಯಲ್ಲಿದೆ.

ಇದರಲ್ಲಿ ನಿವೃತ್ತರಿಗೆ ಸಂಬಂಧಿಸಿದ ಅಂಶ ಹೀಗಿದೆ. ಒಂದು ದೇಶದಿಂದ ಪಿಂಚಣಿ ಪಡೆಯುವವನು ಇನ್ನೊಂದು ಸದಸ್ಯ ದೇಶದಲ್ಲಿ ನೆಲೆಸಿದರೆ, ನೆಲೆಸಿದ ದೇಶದ ಆಸ್ಪತ್ರೆ ಅವನನ್ನು ತನ್ನದೇ ವಿಮೆದಾರನಂತೆ ನೋಡಿಕೊಳ್ಳಬೇಕು. ಖರ್ಚನ್ನು ಪಿಂಚಣಿ ಕೊಡುವ ದೇಶ ಭರಿಸಬೇಕು. ಇದಕ್ಕೆ ಸಾಕ್ಷಿ ಒಂದು ಹಾಳೆ. ಮೊದಲು ಅದರ ಹೆಸರು 'ಇ-121', ಈಗ 'ಎಸ್-1'. ಪಿಂಚಣಿ ಕೊಡುವ ದೇಶದಿಂದ ಈ ಹಾಳೆಯನ್ನು ಪಡೆದು ಹೊಸ ಊರಿನ ಕಚೇರಿಯಲ್ಲಿ ನೋಂದಾಯಿಸಿದರೆ ವೃದ್ಧನ ಕೆಲಸ ಮುಗಿಯಿತು. ಆಮೇಲಿನದು ಎರಡು ಸರಕಾರಗಳ ಖಾತೆ ಪುಸ್ತಕದ ವ್ಯವಹಾರ. ನೆಲೆಸಿದ ದೇಶವೂ ಅವನಿಗೆ ಪಿಂಚಣಿ ಕೊಡುತ್ತಿದ್ದರೆ, ಅದು ಎಷ್ಟೇ ಚಿಕ್ಕದಿರಲಿ, ಆಗ ಖರ್ಚು ಆ ದೇಶದ್ದೇ.

ಈ ಹಾಳೆಯ ಬೆಲೆ ಚೆನ್ನಾಗಿ ಗೊತ್ತಾದದ್ದು ಬ್ರಿಟನ್ನಿನ ವೃದ್ಧರಿಗೆ. ಅವರ ದೇಶದ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದದ್ದು 1948ರ ಜುಲೈ 5ರಂದು. ಆರೋಗ್ಯ ಸಚಿವ ಅನ್ಯೂರಿನ್ ಬೆವನ್ ಕಟ್ಟಿದ ಈ ಸೇವೆಯಲ್ಲಿ ವಂತಿಗೆ ಎಷ್ಟು ಕಟ್ಟಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ಈ ದೇಶದಲ್ಲಿ ವಾಸವಿದ್ದೀರಾ ಎಂದು ಕೇಳುತ್ತಾರೆ. ಬಡವನಿಗೆ ಇದರಿಂದ ಆದ ಉಪಕಾರ ಅಷ್ಟಿಷ್ಟಲ್ಲ. ಆದರೆ ಇದೇ ನಿಯಮದ ಇನ್ನೊಂದು ಮಗ್ಗುಲು ಕಠೋರವಾದದ್ದು. ನಲವತ್ತು ವರ್ಷ ರಾಷ್ಟ್ರೀಯ ವಿಮೆಯ ವಂತಿಗೆ ಕಟ್ಟಿದವನೂ ದೇಶ ಬಿಟ್ಟು ಬೇರೆಡೆ ನೆಲೆಸಿದ ದಿನವೇ ಉಚಿತ ಆಸ್ಪತ್ರೆಯ ಹಕ್ಕನ್ನು ಕಳೆದುಕೊಳ್ಳುತ್ತಾನೆ. ವಾಸವಿಲ್ಲದವರಿಂದ ಶುಲ್ಕ ವಸೂಲು ಮಾಡುವ ಅಧಿಕಾರವನ್ನು ಸರಕಾರ 1949ರಲ್ಲೇ ಪಡೆದಿತ್ತು. ಅದನ್ನು ಬಳಸತೊಡಗಿದ್ದು 1982ರಲ್ಲಿ.

ಇಂಗ್ಲೆಂಡಿನ ಚಳಿ, ಮಳೆ, ಮಬ್ಬು ಬೆಳಕಿನಿಂದ ತಪ್ಪಿಸಿಕೊಳ್ಳುವ ಆಸೆ ಅಲ್ಲಿನ ವೃದ್ಧರಲ್ಲಿ ಹಳೆಯದು. ಮೊದಲು ಪ್ರವಾಸಿಗರಾಗಿ ಸ್ಪೇನಿನ ಬೆನಿಡಾರ್ಮ್, ಮಲಗಾ ಕಡಲತೀರಗಳಿಗೆ ಹೋಗಿ ಬಂದವರು ನಿವೃತ್ತಿಯ ಹೊತ್ತಿಗೆ ಮನೆ ಮಾರಿ ಅಲ್ಲೇ ಸಣ್ಣ ಮನೆ ಕೊಂಡರು. ಬ್ರಿಟನ್ 1973ರಲ್ಲಿ, ಸ್ಪೇನ್ 1986ರಲ್ಲಿ ಯೂರೋಪಿನ ಸಮುದಾಯವನ್ನು ಸೇರಿದ ಮೇಲೆ 'ಇ-121' ಹಾಳೆ ಅವರ ಕೈಗೆ ಬಂತು. 2016ರ ಜನಮತಗಣನೆಯ ಹೊತ್ತಿಗೆ ಐರ್ಲೆಂಡ್, ಸ್ಪೇನ್, ಫ್ರಾನ್ಸ್, ಸೈಪ್ರಸ್ ಮೊದಲಾದ ದೇಶಗಳಲ್ಲಿ ಈ ಬಗೆಯ ನೋಂದಣಿ ಇದ್ದ ಬ್ರಿಟಿಷ್ ಪಿಂಚಣಿದಾರರು ಸುಮಾರು 1.9 ಲಕ್ಷ, ಸ್ಪೇನಿನಲ್ಲೇ ಸುಮಾರು 70 ಸಾವಿರ ಮಂದಿ.

ಬ್ರಿಟನ್ನಿಗೆ ಇದು ಹೊರೆಯೋ ಲಾಭವೋ ಎಂಬ ವಾದ ಅಲ್ಲಿನ ಪತ್ರಿಕೆಗಳಲ್ಲಿ ಬಿಸಿಯಾಗಿ ನಡೆಯಿತು. 2014-15ರಲ್ಲಿ ಬ್ರಿಟನ್ ಯೂರೋಪಿನ ದೇಶಗಳಿಗೆ ಕೊಟ್ಟದ್ದು ಸುಮಾರು 67 ಕೋಟಿ ಪೌಂಡ್, ಅವುಗಳಿಂದ ಪಡೆದದ್ದು 5 ಕೋಟಿಯಷ್ಟು. ಈ ಅಂಕಿಗಳನ್ನು ಮಾತ್ರ ನೋಡಿದರೆ ಯಾರಿಗಾದರೂ ಸಿಟ್ಟು ಬಂದೀತು. ಆದರೆ ಸರಕಾರದ್ದೇ ಅಂದಾಜಿನ ಪ್ರಕಾರ, ಒಬ್ಬ ವೃದ್ಧನ ಚಿಕಿತ್ಸೆಗಾಗಿ ವರ್ಷಕ್ಕೆ ಸ್ಪೇನಿಗೆ ಕೊಡಬೇಕಾದದ್ದು ಸರಾಸರಿ 3,500 ಯೂರೋ. ಅದೇ ವೃದ್ಧ ಇಂಗ್ಲೆಂಡಿನಲ್ಲೇ ಇದ್ದಿದ್ದರೆ 4,500 ಪೌಂಡ್. ಅಂದರೆ ಮಲಗಾದ ಬಿಸಿಲಿಗೆ ಹೋದವನು ತನ್ನ ದೇಶಕ್ಕೆ ಹಣ ಉಳಿಸಿಕೊಟ್ಟಿದ್ದ.

ಎಲ್ಲವೂ ಸುಸೂತ್ರವಾಗಿತ್ತು ಎಂದಲ್ಲ. ವರ್ಷದ ಅರ್ಧ ಅಲ್ಲಿ, ಅರ್ಧ ಇಲ್ಲಿ ಎಂದು ಬದುಕುವವರಿಗೆ ಹಾಳೆಯ ಭಾಷೆ ಹೊಂದುತ್ತಿರಲಿಲ್ಲ. ವಾಸ ಎಲ್ಲಿ ಎಂಬ ಪ್ರಶ್ನೆಗೆ ಅದು ಒಂದೇ ಉತ್ತರ ಬಯಸುತ್ತದೆ. ಅನೇಕರು ಸ್ಪೇನಿನಲ್ಲಿ ಹೆಸರು ನೋಂದಾಯಿಸದೆ, ಇಂಗ್ಲೆಂಡಿನಲ್ಲಿ ಮಗಳ ಮನೆಯ ವಿಳಾಸವನ್ನು ಹಳೆಯ ವೈದ್ಯರ ಬಳಿ ಉಳಿಸಿಕೊಂಡು ಕಾಲ ಹಾಕಿದರು. ಅರವತ್ತಕ್ಕೆ ಮೊದಲೇ ನಿವೃತ್ತರಾಗಿ ಹೋದವರಿಗೆ ಪಿಂಚಣಿಯ ವಯಸ್ಸು ಬರುವ ತನಕ ರಕ್ಷಣೆ ಇರಲಿಲ್ಲ. ಅವರಿಗೆ ಎರಡು-ಎರಡೂವರೆ ವರ್ಷದ ಮಟ್ಟಿಗೆ ಕೊಡುತ್ತಿದ್ದ ಹಾಳೆಯನ್ನೂ ಬ್ರಿಟನ್ 2014ರಲ್ಲಿ ನಿಲ್ಲಿಸಿತು. ಇನ್ನೊಂದು ಕಷ್ಟ ಯಾವ ನಿಯಮಾವಳಿಯಲ್ಲೂ ಬರೆಯದೇ ಇರುವಂಥದು. ಸ್ಪೇನಿನಲ್ಲಿ ಶಸ್ತ್ರಚಿಕಿತ್ಸೆ ಆಸ್ಪತ್ರೆಯದು. ಹಾಸಿಗೆ ಹಿಡಿದವರ ಊಟ, ಸ್ನಾನ, ರಾತ್ರಿಯ ಕಾವಲು ಬಹುಮಟ್ಟಿಗೆ ಮನೆಮಂದಿಯದು ಎಂಬ ರೂಢಿ. ನಮ್ಮ ಜಿಲ್ಲಾಸ್ಪತ್ರೆಗಳನ್ನು ಕಂಡವರಿಗೆ ಇದು ಸಹಜವೆನಿಸೀತು. ಗಂಡ ತೀರಿಕೊಂಡ ಮೇಲೆ ಒಂಟಿಯಾಗಿ, ಭಾಷೆ ಬಾರದೆ ಮಲಗಿದ ಇಂಗ್ಲಿಷ್ ಅಜ್ಜಿಗೆ ಹಾಗೆನಿಸಲಿಲ್ಲ. ಎಷ್ಟೋ ಮಂದಿ ಎಂಬತ್ತರ ಆಸುಪಾಸಿನಲ್ಲಿ ಮನೆ ಮಾರಿ ಮರಳಿ ಇಂಗ್ಲೆಂಡಿಗೆ ಬಂದರು.

ಡಚ್ಚರ ಅನುಭವ ಇದಕ್ಕೆ ತಿರುಗುಮುರುಗು. ನೆದರ್ಲೆಂಡ್ಸಿನ ಅನುಕೂಲಸ್ಥ ನಿವೃತ್ತರು ಸ್ಪೇನ್, ಫ್ರಾನ್ಸ್, ಬೆಲ್ಜಿಯಂಗಳಲ್ಲಿ ತಮ್ಮದೇ ಖಾಸಗಿ ವಿಮೆ ಇಟ್ಟುಕೊಂಡು ನೆಮ್ಮದಿಯಾಗಿದ್ದರು. 2006ರಲ್ಲಿ ಆ ದೇಶ ಹೊಸ ಆರೋಗ್ಯ ವಿಮಾ ಕಾನೂನು ತಂದಾಗ ಅವರೆಲ್ಲ ಇದ್ದಕ್ಕಿದ್ದಂತೆ ಆ ಹಾಳೆಯ ವ್ಯವಸ್ಥೆಗೆ ಸೇರಬೇಕಾಯಿತು; ಸೇರಲಿ ಬಿಡಲಿ, ವಂತಿಗೆ ಪಿಂಚಣಿಯಿಂದಲೇ ಮುರಿದುಕೊಳ್ಳತೊಡಗಿತು. ಬೇಡವೆನ್ನುವ ಸ್ವಾತಂತ್ರ್ಯ ನಮಗಿಲ್ಲವೇ ಎಂದು ಅವರು ಯೂರೋಪಿನ ನ್ಯಾಯಾಲಯದವರೆಗೆ ಹೋದರು. 'ವಾನ್ ಡೆಲ್ಫ್ಟ್' ಪ್ರಕರಣವೆಂದು ಹೆಸರಾದ ಇದರಲ್ಲಿ 2010ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು: ನಿಯಮಾವಳಿ ಕಡ್ಡಾಯ, ಪಿಂಚಣಿದಾರ ತನಗೆ ಬೇಕಾದದ್ದನ್ನು ಆರಿಸಿಕೊಳ್ಳುವಂತಿಲ್ಲ. ಅವರಿಗೆ ಇದು ಅನ್ಯಾಯವೆಂದು ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಆರೋಗ್ಯವಂತರೆಲ್ಲ ಹೊರಗುಳಿದು ಕಾಯಿಲೆಯವರು ಮಾತ್ರ ಒಳಬರುವಂತಿದ್ದರೆ ಇಂಥ ವ್ಯವಸ್ಥೆ ಬಹುಕಾಲ ಬಾಳದು.

ಬ್ರಿಟನ್ 2020ರ ಜನವರಿ 31ರಂದು ಯೂರೋಪಿನ ಒಕ್ಕೂಟದಿಂದ ಹೊರನಡೆದಾಗ ಸ್ಪೇನಿನ ಬ್ರಿಟಿಷ್ ವೃದ್ಧರ ನಿದ್ದೆ ಕೆಟ್ಟಿತ್ತು. ಕೊನೆಗೆ ಆದದ್ದು ಅಷ್ಟು ಕೆಟ್ಟದ್ದಲ್ಲ. ಆ ವರ್ಷದ ಕೊನೆಯೊಳಗೆ ನೆಲೆಸಿದ್ದವರ ಹಕ್ಕನ್ನು ಬಿಡುಗಡೆಯ ಒಪ್ಪಂದ ಕಾಯ್ದಿತು. ಆಮೇಲೆ ಹೋಗುವ ಪಿಂಚಣಿದಾರರಿಗೂ ಹೊಸ ವ್ಯಾಪಾರ ಒಪ್ಪಂದದಲ್ಲಿ 'ಎಸ್-1' ಉಳಿಯಿತು. ಕೆಟ್ಟದ್ದಾದದ್ದು ಅರ್ಧ-ಅರ್ಧ ಬದುಕಿನವರಿಗೆ. ವೀಸಾ ಇಲ್ಲದ ಬ್ರಿಟಿಷರು ಈಗ ಪ್ರತಿ 180 ದಿನಗಳಲ್ಲಿ 90 ದಿನ ಮಾತ್ರ ಅಲ್ಲಿರಬಹುದು. ಪಿಂಚಣಿಯ ವಯಸ್ಸಾಗದವರು ನೆಲೆಸಲು ವೀಸಾ ಕೇಳಿದರೆ ಖಾಸಗಿ ಆರೋಗ್ಯ ವಿಮೆ ತೋರಿಸಬೇಕು. ಒಂದು ವರ್ಷ ಕಳೆದ ಮೇಲೆ ಬೇಕಾದರೆ ಸ್ಪೇನಿನ ಸರಕಾರಿ ಸೇವೆಗೆ ತಿಂಗಳ ಹಣ ಕಟ್ಟಿ ಸೇರಬಹುದು. 2013ರಲ್ಲಿ ಗೊತ್ತುಪಡಿಸಿದ ದರ 65ಕ್ಕಿಂತ ಕೆಳಗಿನವರಿಗೆ 60 ಯೂರೋ, ಮೇಲಿನವರಿಗೆ 157 ಯೂರೋ.

ಅಟ್ಲಾಂಟಿಕ್ ದಾಟಿದರೆ ಕಥೆ ಬದಲಾಗುತ್ತದೆ. ಕೆನಡಾದ ವೃದ್ಧರು ಚಳಿಗಾಲ ಬಂತೆಂದರೆ ಫ್ಲಾರಿಡಾಕ್ಕೆ ಹೊರಡುತ್ತಾರೆ; ಅವರಿಗೆ 'ಹಿಮಹಕ್ಕಿಗಳು' ಎಂದೇ ಹೆಸರು. ಆಂಟೇರಿಯೋ ಪ್ರಾಂತ್ಯದ ನಿಯಮದಂತೆ ವರ್ಷದಲ್ಲಿ 153 ದಿನವಾದರೂ ಪ್ರಾಂತ್ಯದಲ್ಲಿದ್ದರೆ ಆರೋಗ್ಯ ವಿಮೆ ಉಳಿಯುತ್ತದೆ. ಹಾಗಾಗಿ ಹಿಮಹಕ್ಕಿಗಳು ಪಂಚಾಂಗ ಹಿಡಿದು ದಿನ ಎಣಿಸುತ್ತವೆ. ಆದರೆ ಫ್ಲಾರಿಡಾದಲ್ಲಿ ಎದೆನೋವು ಬಂದರೆ? 1991ರಲ್ಲಿ ಪ್ರಾಂತ್ಯ ಹೊರದೇಶದ ಆಸ್ಪತ್ರೆಗೆ ಕೊಡುವ ಹಣಕ್ಕೆ ದಿನಕ್ಕೆ 400 ಡಾಲರಿನ ಮಿತಿ ಹಾಕಿತು. ಅಮೆರಿಕದ ಆಸ್ಪತ್ರೆಯಲ್ಲಿ ಅದು ಯಾವ ಮೂಲೆಗೂ ಸಾಲದು. ಮರುವರ್ಷವೇ ಹಿಮಹಕ್ಕಿಗಳು ಸಂಘ ಕಟ್ಟಿಕೊಂಡವು. ಅಂದಿನಿಂದ ಪ್ರತಿ ಶರತ್ಕಾಲದಲ್ಲಿ ಖಾಸಗಿ ಪ್ರಯಾಣ ವಿಮೆ ಕೊಳ್ಳುವುದು ಅವರ ವಲಸೆಯ ಒಂದು ವಿಧಿಯೇ ಆಗಿದೆ.

ಇನ್ನು ಅಮೆರಿಕ. ಅಧ್ಯಕ್ಷ ಲಿಂಡನ್ ಜಾನ್ಸನ್ 1965ರ ಜುಲೈ 30ರಂದು ಮಿಸೌರಿಯ ಇಂಡಿಪೆಂಡೆನ್ಸ್ ಪಟ್ಟಣದಲ್ಲಿ, ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್ನರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೆಡಿಕೇರ್ ಕಾನೂನಿಗೆ ಸಹಿ ಹಾಕಿದರು. 65 ದಾಟಿದ ಅಮೆರಿಕನ್ನರಿಗೆ ಆಸ್ಪತ್ರೆಯ ಭಯ ತಪ್ಪಿಸಿದ ಕಾನೂನು ಅದು. ಆದರೆ ಅದರೊಳಗೇ ಒಂದು ಗೆರೆ ಎಳೆಯಲಾಗಿತ್ತು: ಅಮೆರಿಕದ ಹೊರಗೆ ಪಡೆದ ಚಿಕಿತ್ಸೆಗೆ ಹಣವಿಲ್ಲ. ಅಪವಾದಗಳು ಬೆರಳೆಣಿಕೆಯಷ್ಟು. ಅಲಾಸ್ಕಾಕ್ಕೆ ನೇರ ದಾರಿಯಲ್ಲಿ ಕೆನಡಾ ಹಾಯ್ದು ಹೋಗುವಾಗ ತುರ್ತು ಕಾಯಿಲೆಯಾದರೆ ಕೊಡುತ್ತಾರೆ. ಗಡಿಯಂಚಿನಲ್ಲಿದ್ದು ವಿದೇಶದ ಆಸ್ಪತ್ರೆಯೇ ಹತ್ತಿರವಾದರೆ ಕೊಡುತ್ತಾರೆ. ಹಡಗಿನಲ್ಲಿ ಕಾಯಿಲೆಯಾದರೆ ಅಮೆರಿಕದ ಬಂದರಿನಿಂದ ಆರು ಗಂಟೆಯ ದೂರದೊಳಗೆ ಇರಬೇಕು! ಮೆಕ್ಸಿಕೋದ ಚಪಾಲಾ ಸರೋವರದ ದಂಡೆಯಲ್ಲಿ ನೆಲೆಸಿದ ಅಮೆರಿಕನ್ ನಿವೃತ್ತರಿಗೆ ಪಿಂಚಣಿ ತಿಂಗಳು ತಪ್ಪದೆ ಬರುತ್ತದೆ. ಶಸ್ತ್ರಚಿಕಿತ್ಸೆ ಬೇಕಾದರೆ ಗಡಿ ದಾಟಿ ಟೆಕ್ಸಾಸಿಗೆ ಬರಬೇಕು, ಇಲ್ಲವೇ ಕೈಯಿಂದ ಕೊಡಬೇಕು. ಮೆಡಿಕೇರಿಗೆ ಪೂರಕವಾಗಿ ಮಾರುವ ಕೆಲವು ಖಾಸಗಿ ಪಾಲಿಸಿಗಳು ವಿದೇಶದ ತುರ್ತು ಚಿಕಿತ್ಸೆಗೆ ನೆರವಾಗುತ್ತವೆ; ಅದೂ ಪ್ರಯಾಣದ ಮೊದಲ 60 ದಿನಗಳ ಮಟ್ಟಿಗೆ, ಜೀವಮಾನಕ್ಕೆಲ್ಲ ಸೇರಿ 50 ಸಾವಿರ ಡಾಲರ್.

ಕನ್ನಡಿಗರಿಗೂ ಈ ಕಥೆಗೂ ನಂಟು ಬೆಳೆದದ್ದು ಅದೇ ವರ್ಷದಲ್ಲಿ. ಮೆಡಿಕೇರಿಗೆ ಸಹಿ ಹಾಕಿ ಎರಡು ತಿಂಗಳು ಕಳೆದ ಮೇಲೆ, ಅಕ್ಟೋಬರ್ 3ರಂದು, ಅದೇ ಜಾನ್ಸನ್ನರು ವಲಸೆ ಕಾನೂನಿಗೆ ಸಹಿ ಹಾಕಿದರು. ಏಷ್ಯಾದವರನ್ನು ದಶಕಗಳ ಕಾಲ ತಡೆದಿದ್ದ ಬಾಗಿಲು ತೆರೆಯಿತು. ಮೈಸೂರು, ಮಣಿಪಾಲ, ಬೆಂಗಳೂರುಗಳಿಂದ ವೈದ್ಯರು, ಎಂಜಿನಿಯರುಗಳು ಹೊರಟರು. ಆ ಕಾನೂನಿನಲ್ಲಿ ಇನ್ನೊಂದು ಸವಲತ್ತೂ ಇತ್ತು. ಅಮೆರಿಕದ ಪೌರತ್ವ ಪಡೆದ ವಯಸ್ಕ ಮಗ ಅಥವಾ ಮಗಳು ತಂದೆತಾಯಿಯನ್ನು ಸಂಖ್ಯೆಯ ಮಿತಿಯಿಲ್ಲದೆ ಕರೆಸಿಕೊಳ್ಳಬಹುದಿತ್ತು. 1965ರ ಒಂದು ಕಾನೂನು ಅಪ್ಪ ಅಮ್ಮನಿಗೆ ಬಾಗಿಲು ತೆರೆಯಿತು, ಇನ್ನೊಂದು ಅವರನ್ನು ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಿಸಿತು. ಏಕೆಂದರೆ ಮೆಡಿಕೇರ್ ಕಾನೂನು ಹೇಳುವಂತೆ ಪೌರನಲ್ಲದವನು ಕಾಯಂ ವಾಸದ ಪರವಾನಗಿ ಪಡೆದಿರಬೇಕು, ಮತ್ತು ಐದು ವರ್ಷ ಬಿಡದೆ ಅಮೆರಿಕದಲ್ಲೇ ವಾಸವಿದ್ದಿರಬೇಕು.

ಈ ಐದು ವರ್ಷದ ನಿಯಮವನ್ನು ಕ್ಯೂಬಾದಿಂದ ಓಡಿಬಂದ ವೃದ್ಧ ನಿರಾಶ್ರಿತರು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 'ಮ್ಯಾಥ್ಯೂಸ್ ವಿರುದ್ಧ ಡಿಯಾಜ್' ಪ್ರಕರಣದಲ್ಲಿ 1976ರ ಜೂನ್ 1ರಂದು ಸುಪ್ರೀಂ ಕೋರ್ಟು ಸರ್ವಾನುಮತದಿಂದ ನಿಯಮವನ್ನು ಎತ್ತಿಹಿಡಿಯಿತು. ನ್ಯಾಯಮೂರ್ತಿ ಸ್ಟೀವನ್ಸ್ ಬರೆದ ತೀರ್ಪಿನ ತಾತ್ಪರ್ಯ ಇಷ್ಟು: ದೇಶದ ಜೊತೆ ಪರಕೀಯನ ನಂಟು ಬಲಿತಂತೆ ಅವನ ಹಕ್ಕೂ ಬಲಿಯುತ್ತದೆ, ಗೆರೆ ಎಲ್ಲಿ ಎಳೆಯಬೇಕೆಂಬುದು ಸಂಸತ್ತಿಗೆ ಬಿಟ್ಟದ್ದು. ಕಾನೂನಿನ ದೃಷ್ಟಿಯಿಂದ ಇದನ್ನು ತಪ್ಪೆನ್ನಲಾಗದು. ಆದರೆ ಎಪ್ಪತ್ತರ ವಯಸ್ಸಿನಲ್ಲಿ ಐದು ವರ್ಷ ಎಂದರೆ ಬಹಳ ದೀರ್ಘ.

ನಮ್ಮ ಕಡೆಯ ತಂದೆತಾಯಿಗಳ ಅಮೆರಿಕ ಯಾತ್ರೆ ಸಾಮಾನ್ಯವಾಗಿ ಶುರುವಾಗುವುದು ಮಗಳ ಅಥವಾ ಸೊಸೆಯ ಬಾಣಂತನಕ್ಕೆ. ಪ್ರವಾಸಿ ವೀಸಾದಲ್ಲಿ ಆರು ತಿಂಗಳು. ಉಪ್ಪಿನಕಾಯಿ, ಚಟ್ನಿಪುಡಿ, ಅಂಟಿನುಂಡೆಗಳ ಜೊತೆ ಆರು ತಿಂಗಳಿಗಾಗುವಷ್ಟು ರಕ್ತದೊತ್ತಡದ ಮಾತ್ರೆಗಳೂ ಪೆಟ್ಟಿಗೆಯಲ್ಲಿ ಹೋಗುತ್ತವೆ. ಮಾತ್ರೆಗಳನ್ನು ಒಯ್ಯುವುದು ಮಿತವ್ಯಯಕ್ಕೆ ಮಾತ್ರವಲ್ಲ. ಸಂದರ್ಶಕರಿಗೆಂದು ಮಾರುವ ವಿಮೆಗಳಲ್ಲಿ ಹೆಚ್ಚಿನವು ಮೊದಲೇ ಇದ್ದ ಕಾಯಿಲೆಗಳನ್ನು ಹೊರಗಿಡುತ್ತವೆ. ಇಲ್ಲವೇ ಅವು ಹಠಾತ್ತಾಗಿ ಉಲ್ಬಣಿಸಿದರೆ ಮಾತ್ರ, ಒಂದು ಮಿತಿಯೊಳಗೆ ಕೊಡುತ್ತವೆ. ವೃದ್ಧರಿಗೆ ಬರುವ ಕಾಯಿಲೆಗಳಲ್ಲಿ ಮೊದಲೇ ಇಲ್ಲದ್ದು ಯಾವುದು ಎಂದು ಕೇಳಿದರೆ ಉತ್ತರ ಕಷ್ಟ. ಕಂತು ಕಡಿಮೆ ಇರುವ ಪಾಲಿಸಿಗಳು ಪ್ರತಿ ಚಿಕಿತ್ಸೆಗೆ ಇಷ್ಟೇ ಎಂದು ಮೊದಲೇ ಗೊತ್ತುಮಾಡಿರುತ್ತವೆ. ಬಿಲ್ಲು ಅದರ ಹತ್ತು ಪಟ್ಟು ಬಂದರೂ ಅಷ್ಟೇ.

ಮಗ ಪೌರತ್ವ ಪಡೆದು ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸಿದ ಮೇಲೆ ಇನ್ನೊಂದು ಅಧ್ಯಾಯ. ಐದು ವರ್ಷ ತುಂಬಿದವರು ಮೆಡಿಕೇರನ್ನು ಹಣ ಕೊಟ್ಟು ಕೊಳ್ಳಬಹುದು. ಹತ್ತು ವರ್ಷ, ಅಂದರೆ 40 ತ್ರೈಮಾಸಿಕಗಳಷ್ಟು, ಅಮೆರಿಕದಲ್ಲಿ ದುಡಿದವರಿಗೆ ಅಥವಾ ಅಂಥವರ ಬಾಳಸಂಗಾತಿಗೆ ಆಸ್ಪತ್ರೆ ವಿಮೆಯ ಕಂತಿಲ್ಲ. ಮಗ ಎಷ್ಟೇ ವರ್ಷ ದುಡಿದು ತೆರಿಗೆ ಕಟ್ಟಿರಲಿ, ಅವನ ಲೆಕ್ಕದಲ್ಲಿ ತಂದೆತಾಯಿಗೆ ಅದು ಸಿಗದು. ದುಡಿಯದವರಿಗೆ 2025ರಲ್ಲಿ ಆಸ್ಪತ್ರೆ ವಿಮೆಗೆ ತಿಂಗಳಿಗೆ 518 ಡಾಲರ್, ವೈದ್ಯರ ಶುಲ್ಕದ ವಿಮೆಗೆ 185 ಡಾಲರ್ ಇತ್ತು, ಅದೂ ಒಬ್ಬೊಬ್ಬರಿಗೆ. ಐದು ವರ್ಷ ತುಂಬುವ ಮೊದಲು, 2014ರಿಂದ ನಡೆಯುತ್ತಿರುವ ಸರಕಾರಿ ವಿಮಾ ಮಾರುಕಟ್ಟೆಯಲ್ಲಿ ಪಾಲಿಸಿ ಕೊಳ್ಳಬಹುದು. ಅಲ್ಲಿ ಹಳೆಯ ಕಾಯಿಲೆಯ ನೆಪ ಹೇಳುವಂತಿಲ್ಲ. ಆದರೆ ಅತಿ ಕಡಿಮೆ ಆದಾಯದ ಹೊಸ ವಲಸಿಗರಿಗೆ ಅಲ್ಲಿ ಸಿಗುತ್ತಿದ್ದ ಸರಕಾರದ ನೆರವನ್ನು 2025ರ ಕಾನೂನು 2026ರಿಂದ ನಿಲ್ಲಿಸಿತು.

ಇಷ್ಟೆಲ್ಲ ಆದರೂ ಬಹುಮಂದಿ ಅಪ್ಪ ಅಮ್ಮಂದಿರಿಗೆ ಅಲ್ಲೇ ಇರಲು ಮನಸ್ಸಿಲ್ಲ. ಊರಿನ ಮನೆ, ತೋಟ, ಜಾತ್ರೆ, ಗೆಳೆಯರು ಕರೆಯುತ್ತಾರೆ. ಬಿಡದ ವಾಸ ಎಂಬ ಷರತ್ತು ಇವರಿಗೆ ತೊಡಕಾಗುವುದು ಇಲ್ಲೇ. ವರ್ಷಕ್ಕೂ ಹೆಚ್ಚು ಕಾಲ ಹೊರಗಿದ್ದರೆ ಗ್ರೀನ್ ಕಾರ್ಡಿಗೇ ಕುತ್ತು.

ಭಾರತದ ಕಡೆಯಲ್ಲಿ ವೃದ್ಧರ ವಿಮೆಯ ಚರಿತ್ರೆ ಚಿಕ್ಕದು. ಸರಕಾರಿ ವಿಮಾ ಕಂಪನಿಗಳು 'ಮೆಡಿಕ್ಲೇಮ್' ಪಾಲಿಸಿಯನ್ನು ತಂದದ್ದು 1986ರಲ್ಲಿ. ಖಾಸಗಿಯವರು ಬಂದದ್ದು 2000ದ ನಂತರ. 65 ದಾಟಿದವರಿಗೆ ಹೊಸ ಪಾಲಿಸಿ ಸಿಗುವುದೇ ಬಹುಕಾಲ ದುರ್ಲಭವಾಗಿತ್ತು. ವಿಮಾ ನಿಯಂತ್ರಣ ಪ್ರಾಧಿಕಾರ ಆ ವಯೋಮಿತಿಯನ್ನು ತೆಗೆದದ್ದು 2024ರಲ್ಲಿ. ಹಳೆಯ ಕಾಯಿಲೆಗಳಿಗೆ ಕಾಯಬೇಕಾದ ಗರಿಷ್ಠ ಅವಧಿಯನ್ನು ನಾಲ್ಕರಿಂದ ಮೂರು ವರ್ಷಕ್ಕೆ ಇಳಿಸಿದ್ದೂ ಆಗಲೇ. ಕಂತಿನ ಮೇಲಿದ್ದ ಶೇಕಡಾ 18ರ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ರದ್ದಾಯಿತು. ಆದರೆ ಈ ಪಾಲಿಸಿಗಳಲ್ಲಿ ಹೆಚ್ಚಿನವು ಭಾರತದೊಳಗಿನ ಚಿಕಿತ್ಸೆಗೆ ಮಾತ್ರ. ಮಗನ ಮನೆಯಲ್ಲಿರುವಾಗ ಇದೇಕೆ ದಂಡ ಎಂದು ಕಂತು ಕಟ್ಟದೆ ಬಿಟ್ಟವರು ಊರಿಗೆ ಮರಳಿದಾಗ ಹೊಸದಾಗಿ ಪಾಲಿಸಿ ಕೊಂಡು, ಕಾಯುವ ಅವಧಿಯನ್ನೂ ಮೊದಲಿನಿಂದ ಎಣಿಸಬೇಕಾಗುತ್ತದೆ. 70 ದಾಟಿದ ಎಲ್ಲರಿಗೂ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ವೆಚ್ಚ ಭರಿಸುವ ಆಯುಷ್ಮಾನ್ ಯೋಜನೆಯ ವಿಸ್ತರಣೆ 2024ರ ಅಕ್ಟೋಬರ್ 29ರಂದು ಆರಂಭವಾಯಿತು. ಅದು ಭಾರತದ ನಾಗರಿಕರಿಗೆ. ಅಮೆರಿಕದ ಪೌರತ್ವ ಪಡೆದ ದಿನ ಭಾರತದ ನಾಗರಿಕತ್ವ ಹೋಗುತ್ತದೆ. ಆಮೇಲೆ ಸಿಗುವ ಸಾಗರೋತ್ತರ ಭಾರತೀಯ ಕಾರ್ಡು, ಹೆಸರು ಏನೇ ಇರಲಿ, ನಾಗರಿಕತ್ವವಲ್ಲ.

ಎರಡು ಸರಕಾರಗಳು ಕೂತು ಲೆಕ್ಕ ಮಾಡಿಕೊಳ್ಳಬಹುದಲ್ಲವೇ? ಭಾರತ 2006ರಲ್ಲಿ ಬೆಲ್ಜಿಯಂ ಜೊತೆ ಸಾಮಾಜಿಕ ಭದ್ರತೆಯ ಒಪ್ಪಂದಕ್ಕೆ ಸಹಿ ಹಾಕಿತು. ಅದು 2009ರಲ್ಲಿ ಜಾರಿಗೆ ಬಂತು. ಆ ಮೇಲೆ ಜರ್ಮನಿ ಸೇರಿದಂತೆ ಹಲವು ದೇಶಗಳ ಜೊತೆ ಇಂಥ ಒಪ್ಪಂದಗಳಾದವು. ಇವುಗಳ ಗಮನವೆಲ್ಲ ದುಡಿಯುವವರ ವಂತಿಗೆ ಮತ್ತು ಪಿಂಚಣಿಯ ಮೇಲೆ. ಅಮೆರಿಕದ ಜೊತೆ ವರ್ಷಗಟ್ಟಲೆ ಮಾತುಕತೆ ನಡೆದರೂ ಒಪ್ಪಂದವಾಗಿಲ್ಲ. ಆದರೂ ಔಷಧಿಯ ಪ್ರಶ್ನೆ ಬಗೆಹರಿಯುತ್ತಿರಲಿಲ್ಲ. ಅಮೆರಿಕ 1978ರಲ್ಲಿ ಇಟಲಿಯೊಂದಿಗೆ ಜಾರಿಗೊಳಿಸಿದ ಮೊದಲ ಒಪ್ಪಂದದಿಂದ ಹಿಡಿದು ಇಂದಿನವರೆಗೂ, ಬೇರೆ ದೇಶದಲ್ಲಿ ದುಡಿದ ಅವಧಿಯನ್ನು ಪಿಂಚಣಿಯ ಅರ್ಹತೆಗೆ ಮಾತ್ರ ಸೇರಿಸಿಕೊಳ್ಳುತ್ತದೆ, ಮೆಡಿಕೇರಿಗೆ ಇಲ್ಲ.

ಈಗ ಇದೇ ಪ್ರಶ್ನೆ ತಿರುಗಿ ನಿಂತಿದೆ. ಎಪ್ಪತ್ತರ, ಎಂಬತ್ತರ ದಶಕಗಳಲ್ಲಿ ಹೋದವರು ತಾವೇ ನಿವೃತ್ತರಾಗಿ, ಕೆಲವರು ಮೈಸೂರಿನಲ್ಲೋ ಧಾರವಾಡದಲ್ಲೋ ಮನೆ ಕಟ್ಟಿಸಿ ಮರಳುತ್ತಿದ್ದಾರೆ. ಸಂಬಳದಿಂದ ಪ್ರತಿ ತಿಂಗಳೂ ಶೇಕಡಾ 1.45ರಷ್ಟು ಮೆಡಿಕೇರ್ ತೆರಿಗೆ ಕಟ್ಟಿದವರು ಇವರು. ಅವರ ಅಮೆರಿಕದ ಪಿಂಚಣಿ ಮೈಸೂರಿನಲ್ಲಿದ್ದರೂ ಕೈಸೇರುತ್ತದೆ. ಮೈಸೂರಿನ ಆಸ್ಪತ್ರೆಯಲ್ಲಿ ಮೆಡಿಕೇರ್ ನಡೆಯುವುದಿಲ್ಲ. ಹಾಗೆಂದು ವೈದ್ಯರ ಶುಲ್ಕದ ಕಂತು ಕಟ್ಟುವುದನ್ನು ನಿಲ್ಲಿಸಿದರೆ, ಮುಂದೆ ಮತ್ತೆ ಸೇರುವಾಗ ಬಿಟ್ಟ ಪ್ರತಿ ಹನ್ನೆರಡು ತಿಂಗಳಿಗೆ ಶೇಕಡಾ ಹತ್ತರಂತೆ ಕಂತು ಏರುತ್ತದೆ, ಆ ಏರಿಕೆ ಸಾಯುವ ತನಕ ಇಳಿಯುವುದಿಲ್ಲ. ಹಾಗಾಗಿ ಇವರಲ್ಲಿ ಕೆಲವರು ಎರಡೂ ಕಡೆ ಕಂತು ಕಟ್ಟುತ್ತಾರೆ: ಹತ್ತಿರದ ಆಸ್ಪತ್ರೆಗೆಂದು ರೂಪಾಯಿಯಲ್ಲಿ, ಸಾವಿರಾರು ಮೈಲಿ ಆಚೆಯ ಆಸ್ಪತ್ರೆಗೆಂದು ಡಾಲರಿನಲ್ಲಿ.